ಸೋರಿಕೆ ಪರೀಕ್ಷೆ

ನನ್ನ ಕೆಲಸ ಸರಳ.
ಉದ್ಯಮಬಾಗದ ಶೆಡ್ಡಿನ ಮೂಲೆಯಲ್ಲಿ ನೀರಿನ ತೊಟ್ಟಿ.
ಎರಕ ಹೊಯ್ದ ಪಂಪಿನ ಹೊಟ್ಟೆಯನ್ನು ಅದರಲ್ಲಿ ಮುಳುಗಿಸಿ
ಬಾಯಿ ಬಿಗಿದು ಗಾಳಿ ತುಂಬುತ್ತೇನೆ,
ಅರವತ್ತು ಎಣಿಸುತ್ತೇನೆ.
ಗುಳ್ಳೆ ಎದ್ದರೆ ಕೆಂಪು ಗೀಟು.
ಹನ್ನೊಂದು ವರ್ಷ
ಉಸಿರಾಡುವ ಕಬ್ಬಿಣವನ್ನೆಲ್ಲ
ಮರಳಿ ಕುಲುಮೆಗೆ ಕಳಿಸಿದವಳು.

ಅಂಥವಳ ಮುಂದೆ, ಗಣಪತ ಗಲ್ಲಿಯ ಅಂಗಡಿಯಲ್ಲಿ,
ನೇಮಿನಾಥ ನೀಲಿ ಜಾಕೆಟ್ಟು ಹರವಿ ಹೇಳಿದ:
"ಇದು ಉಸಿರಾಡ್ತೈತ್ರಿ ಅಕ್ಕಾರ."

"ಉಸಿರಾಡಿದ್ರ ಸೋರ್ತೈತಲ್ಲೋ ತಮ್ಮಾ."

"ಇಲ್ರೀ. ಮಳಿ ಹನಿ ದೊಡ್ಡದು, ತೂತು ಸಣ್ಣದು.
ಬೆವರಿನ ಹಬಿ ಅದಕ್ಕಿಂತ ಸಣ್ಣದು.
ಹೊರಗಿಂದು ಒಳಗ ಬರೂದಿಲ್ಲ,
ಒಳಗಿಂದು ಹೊರಗ ಹೋಗ್ತೈತಿ."

ನಮ್ಮ ಓಣಿಯ ಶಾಂತವ್ವ ನೆನಪಾದಳು.
ಬುದ್ಧಿಮಾತು ಒಳಗೆ ಇಳಿಯದು,
ಗುಟ್ಟು ಒಳಗೆ ನಿಲ್ಲದು.

ಬೆಲೆ ಮೂರು ಸಾವಿರದ ಎಂಟು ನೂರು.
ಪಕ್ಕದಲ್ಲೇ ನಾನೂರರ ಪ್ಲಾಸ್ಟಿಕ್ ಕೋಟು ತೂಗುತ್ತಿತ್ತು.
ಅದರ ಅಣ್ಣತಮ್ಮಂದಿರು ಮೂವರು ನಮ್ಮ ಮನೆಯಲ್ಲಿದ್ದಾರೆ.
ಒಬ್ಬನ ಕಂಕುಳು ಹರಿದಿದೆ, ಒಬ್ಬನಿಗೆ ಗುಂಡಿಯಿಲ್ಲ.
ಇನ್ನೊಬ್ಬ ಗಟ್ಟಿಮುಟ್ಟು,
ತೊಂದರೆಯೆಲ್ಲ ಅವನದೇ.
ವಡಗಾವಿ ಬಿಡುವಾಗ ಮಳೆ ನನ್ನ ಮೇಲೆ,
ಮೂರನೇ ಗೇಟಿನ ಸೇತುವೆ ಏರುವಷ್ಟರಲ್ಲಿ ನನ್ನ ಒಳಗೆ.
ಬೆನ್ನಗುಂಟ ಇಳಿಯುವ ಆ ಬೆಚ್ಚನೆ ನೀರಿಗೆ
ಯಾವ ಮೋಡವೂ ಹೊಣೆಯಲ್ಲ.
ಕೋಟು ಬಿಚ್ಚಿ ಹಿಂಡಿದಂಥ ಕುಪ್ಪಸ ತೋರಿಸಿದರೆ
ರುಕ್ಸಾನಾ ಕೇಳುತ್ತಾಳೆ:
"ಕೋಟು ನಿನ್ನ ಕಾಯ್ತೋ, ನೀನ ಕೋಟ್ನ ಕಾಯ್ದಿಯೋ?"

ಅಂಗಡಿಯಲ್ಲಿ ಕೈ ತನ್ನ ಕೆಲಸ ತಾನೇ ಶುರು ಮಾಡಿತ್ತು.
ಜಾಕೆಟ್ಟು ಒಳಮಗ್ಗುಲು ಮಾಡಿ
ಹೊಲಿಗೆಯ ಮೇಲಿನ ಪಟ್ಟಿಗೆ ಉಗುರು ಎಳೆದೆ.
ಒಂದು ಕಡೆ, ಭುಜದ ಹತ್ತಿರ, ತುಸು ಎದ್ದಿತ್ತು.
ಬೇರೆ ತರಿಸಿದೆ.
ಹ್ಯಾಂಡಲ್ ಹಿಡಿದವಳಂತೆ ಕೈ ಚಾಚಿ ಬಗ್ಗಿದೆ,
ಸೀರೆ ನೋಡಲು ಹೊರಟಿದ್ದ ಜೋಡಿಯೊಂದು ನಿಂತು ನನ್ನನ್ನು ನೋಡಿತು.
ಮಣಿಕಟ್ಟು ಮುಚ್ಚಿದೆ, ಸೊಂಟದ ಹಿಂದೆ ಬಾಲವೂ ಉದ್ದವಿದೆ.
ಟೊಪ್ಪಿಗೆ ಹಾಕಿ ತಲೆ ತಿರುಗಿಸಿದೆ:
ತಲೆ ತಿರುಗಿತು, ಟೊಪ್ಪಿಗೆ ತಿರುಗಲಿಲ್ಲ.
ಹಿಂದಿನಿಂದ ಬರುವ ಟ್ಯಾಂಕರಿನ ಜಾಗದಲ್ಲಿ
ಕತ್ತಲೆ ಮತ್ತು ಹೊಸ ಬಟ್ಟೆಯ ವಾಸನೆ.
ನೇಮಿನಾಥ ಹಿಂದಿನ ದಾರ ಎಳೆದು ಸರಿ ಮಾಡಿದ.
ತೋಳನ್ನು ತುಟಿಗೆ ಬಿಗಿಯಾಗಿ ಒತ್ತಿ ಊದಿದೆ.
ಆಚೆ ಹಿಡಿದ ಅಂಗೈಗೆ ಏನೂ ತಿಳಿಯಲಿಲ್ಲ.
"ಸಾವಕಾಶ ಹೋಗ್ತೈತ್ರಿ," ಅಂದ.

ಹಳದಿ ಬೇಕಿತ್ತು. ಹಳದಿ ಗಂಡಸರ ಅಳತೆಯಲ್ಲಷ್ಟೇ.
ಇರಲಿ.
ಲಾರಿಯವನಿಗೆ ನಾನು ಹೆಂಗಸೆಂದು ಗೊತ್ತಾಗಬೇಕಿಲ್ಲ,
ಇದ್ದೇನೆಂದು ಗೊತ್ತಾದರೆ ಸಾಕು.

ಮರುದಿನ ಪಾಳಿ ಮುಗಿದ ಮೇಲೆ
ಯಾರೂ ಇಲ್ಲದ್ದು ನೋಡಿ
ಒಂದು ತೋಳಿನ ಮುಂಗೈ ಕಟ್ಟಿ, ಗಾಳಿ ತುಂಬಿ, ತಿರುಚಿ,
ತೊಟ್ಟಿಯಲ್ಲಿ ಮುಳುಗಿಸಿದೆ.
ಹತ್ತು. ಇಪ್ಪತ್ತು. ತೋಳು ಮೀನಿನ ಹಾಗೆ ಕೊಸರುತ್ತಿತ್ತು.
ನಲವತ್ತಕ್ಕೆ, ಮೊಣಕೈ ಹತ್ತಿರ,
ಸಾಸಿವೆಯಷ್ಟು ಒಂದು ಗುಳ್ಳೆ
ಬರಲೋ ಬೇಡವೋ ಅನ್ನುತ್ತ ಬಟ್ಟೆಗೇ ಅಂಟಿ ನಿಂತಿತು.
ಕೆಂಪು ಸುಣ್ಣಕಡ್ಡಿ ಕೈಯಲ್ಲೇ ಇತ್ತು.
ಜೇಬಿಗೆ ಹಾಕಿಕೊಂಡೆ.

ಈಗ ಎಂಟನೇ ದಿನ, ಜಿಟಿಜಿಟಿ ನಿಂತಿಲ್ಲ.
ಸೇತುವೆಯ ನೆತ್ತಿಯಲ್ಲಿ ಒಂದು ಕಾಲೂರಿ
ಕಂಕುಳಿನ ಚೈನು ಎಳೆಯುತ್ತೇನೆ, ಎರಡು ಕಿಟಕಿ.
ಖಾನಾಪುರದ ಕಡೆಯ ಗಾಳಿ ಒಳಗೆ ಬಂದು
ಪಕ್ಕೆಲುಬು ಎಣಿಸಿ ಹೋಗುತ್ತದೆ.
ಬೆನ್ನು ಒಣಗಿದೆ ಅಂದರೆ ಸುಳ್ಳು.
ಕುಪ್ಪಸ ಹಿಂಡಬೇಕಿಲ್ಲ, ಅಷ್ಟೇ.

"ಎಷ್ಟು ಬಿತ್ತು?" ಕೇಳಿದಳು ರುಕ್ಸಾನಾ, ಬಟ್ಟೆ ಮುಟ್ಟಿ ನೋಡುತ್ತ.
"ಒಂಬೈನೂರು," ಅಂದೆ.
ಅವಳು ಏನೂ ಅನ್ನಲಿಲ್ಲ.
ನನ್ನ ಮುಖವನ್ನೇ ನೋಡುತ್ತ ನಿಂತಳು,
ಒಳಗೊಳಗೆ
ಅರವತ್ತು ಎಣಿಸುತ್ತಿರುವವಳ ಹಾಗೆ.