ಕಿವಿಗೆ ಹಿಡಿದ ಕಾಯಿ

ಆಗಸ್ಟ್ ಹದಿನೇಳು. ನೆವಾಡಾ. ಬತ್ತಿದ ಕೆರೆಯ ಅಂಚು.
ಬೆಳ್ಳಗೆ ಕಂಡದ್ದೆಲ್ಲ ಉಪ್ಪು;
ಕಾಲಿಟ್ಟಲ್ಲಿ ಹಪ್ಪಳದ ಹಾಗೆ ಮುರಿಯುವ ಚೌಳು ನೆಲ.
ಡೆಲ್ಬರ್ಟ್ ಹಾಸ್ಕಿನ್ಸನ ಕುದುರೆಮೆಂತೆಯ ಹೊಲದಲ್ಲಿ
ಎಂಟು ಅಡಿ ಅಗಲಕ್ಕೆ ಒಂದು ತೇಪೆ,
ಬೇರೆ ಹಸಿರು. ಬೂದಿ ಸವರಿದ ಹಸಿರು.

ಕೌಂಟಿಯ ಕಳೆ ಇಲಾಖೆಯಲ್ಲಿ ನನಗಿದು ಮೂರನೇ ವಾರ.
ಕೈಪಿಡಿ ತೆರೆದೆ, ಗಾಳಿ ಹಾಳೆ ಮಗುಚಿತು.
ಜೋಡಿ ಜೋಡಿ ಎಲೆ, ತುದಿಗೊಂದು ಒಂಟಿ.
ಎಣಿಸಿದೆ: ಹತ್ತೊಂಬತ್ತು. ಪಕ್ಕದ ಕಡ್ಡಿಯಲ್ಲಿ ಹದಿನೇಳು.
ತಡವಾಗಿ ಬಿಟ್ಟ ನಾಲ್ಕು ಹೂವು, ಹಳೇ ಇಟ್ಟಿಗೆಯ ಬಣ್ಣ,
ಅವರೆಯ ಕುಲದ್ದೆಂದು ಹೇಳಲು ಅಷ್ಟು ಸಾಕು.
ಮುಂದೆ ಹೇಳಲು ನನಗೆ ಬಾಯಿಲ್ಲ.

"ಕುದುರೆಗೆ ಮರುಳು ಹಿಡಿಸುವ ನಮ್ಮದೇ ಗಿಡ ಇದೆಯಲ್ಲ,
ಅದಕ್ಕೂ ಹೀಗೇ ಊದಿದ ಕಾಯಿ" ಎಂದ ಡೆಲ್ಬರ್ಟ್,
ಆಸೆಯಿಂದ.
ಬಿತ್ತನೆ ಬೀಜಕ್ಕೆಂದು ಬೆಳೆಸಿದ ಹೊಲ;
ಹೊರಗಿನ ಕಳೆ ಎಂದಾದರೆ ಸರ್ಟಿಫಿಕೇಟು ಇಲ್ಲ,
ಇಡೀ ಬೆಳೆ ದನದ ಬಾಯಿಗೆ, ದನದ ಬೆಲೆಗೆ.

ಪಿಕಪ್ಪಿನಲ್ಲೇ ಕೂತಿದ್ದಳು ವರ್ನಾ ಉರುಟಿಯಾ,
ನಲವತ್ತು ವರ್ಷ ಇದೇ ಕೆಲಸ ಮಾಡಿದವಳು.
ಎರಡು ಕಣ್ಣಲ್ಲೂ ಈಗ ಬೆಳಕಿನ ಬರೀ ಅಂದಾಜು.
ಟೊಂಗೆ ಮುರಿದು ಕೊಟ್ಟೆ. ಮೂಸಲಿಲ್ಲ.
ಎಲೆಯ ಬೆನ್ನನ್ನು ಕೆಳದುಟಿಗೆ ಸವರಿಕೊಂಡಳು.
"ಮೇಲೆ ನುಣುಪು, ಕೆಳಗೆ ರೋಮ. ಹ್ಞೂ."
ಕಾಯಿಯನ್ನು ಒತ್ತಿ ನೋಡಿದಳು, ತೊಗಲಲ್ಲ, ಕಾಗದ.
ಆಮೇಲೆ ಕಿವಿಯ ಹತ್ತಿರ ಹಿಡಿದು
ಕೂಸಿನ ಗಿಲಕಿಯ ಹಾಗೆ ಅಲುಗಿಸಿದಳು.

"ನಮ್ಮ ಗಿಡದ ಕಾಯೊಳಗೆ ನಡುಗೋಡೆ ಇರುತ್ತದೆ.
ಅಣ್ಣ ತಮ್ಮ ಪಾಲಾದ ಮನೆ, ಕಾಳಿನ ಸದ್ದು ಎರಡು ಕಡೆ.
ಇದಕ್ಕೆ ಗೋಡೆಯಿಲ್ಲ. ಕೇಳು, ಒಂದೇ ಹಜಾರ."
ಕೇಳಿದೆ. ನನಗೆಲ್ಲ ಒಂದೇ ಗಲಗಲ.

ಹೆಸರು ಹೇಳಿದಳು. ಲ್ಯಾಟಿನ್, ಎರಡು ಪದ,
ಎರಡನೆಯದರಲ್ಲಿ ಉಪ್ಪಿತ್ತು.
ಡೆಲ್ಬರ್ಟ್ ಟೋಪಿ ತೆಗೆದು ಅದರೊಳಗೆ ನೋಡಿದ,
ಏನೋ ಬಿಟ್ಟಿದ್ದವನಂತೆ.
"ಅಗೆದರೆ?"
"ಬೇರು ಎಷ್ಟು ತುಂಡೋ ಅಷ್ಟು ಗಿಡ."
"ಬಂದದ್ದೆಲ್ಲಿಂದ?"
"ಏಷ್ಯಾದಿಂದ. ಇದೇ ಮೆಂತೆಯ ಬೀಜದ ಚೀಲದಲ್ಲಿ,
ನಿನ್ನ ಅಜ್ಜನ ಕಾಲಕ್ಕೆ. ಅದು ಹಳೇ ಕಥೆ."
ಮುಖ ನನ್ನ ಕಡೆ ತಿರುಗಿತು, ಚೂರು ತಪ್ಪಿ, ಭುಜದ ಮೇಲೆ.
"ಟೋಬಿನ್, ಪ್ಯಾಂಟಿನ ಮಡಿಕೆ ಬಿಚ್ಚು."

ಬಗ್ಗಿ ಬಿಚ್ಚಿದೆ. ಒಂದಿಷ್ಟು ಉಪ್ಪು, ಹುಲ್ಲಿನ ಮುಳ್ಳು,
ಹುರಳಿಯ ಅರ್ಧದಷ್ಟು ಮೂರು ಕಂದು ಕಾಳು.
ಅವಳೇನೂ ನೋಡಲಿಲ್ಲ. ನೋಡಬೇಕಿರಲಿಲ್ಲ.

ಮೊದಲ ವಾರ ಇದೇ ತೇಪೆಯ ನಡುವೆ ಹಾದು ಹೋಗಿದ್ದೆ,
ಸೇಬು ತಿನ್ನುತ್ತ, ಎಲ್ಲ ಮೆಂತೆಯೆಂದುಕೊಂಡು.
ಅಲ್ಲಿಂದ ಈಚೆಗೆ ಎಷ್ಟು ಗೇಟು ತೆರೆದೆ?
ಹನ್ನೊಂದು.
ಇಲ್ಲ, ಕಾಲುವೆಯಾಚೆ ಆ ಮುದುಕ ಕಾಫಿಗೆ ಕರೆದದ್ದೂ ಸೇರಿದರೆ