ಕಾಶವ್ವ

ಪೋಲಂಡ ದೇಶದಾಕಿ. ಹೆಸರು ಕಾಶಾ ಅಂದ್ಲು.
ಗುಳೇದಗುಡ್ಡದಾಗ ಎರಡ ದಿನಕ್ಕ ಕಾಶವ್ವ ಆದ್ಲು.

ಕಿವುಡ ಮಕ್ಕಳ ಸಾಲ್ಯಾಗ ಕೈಮಾತು ಕಲಸಾಕ ಬಂದಾಕಿ
ಮೊದಲನೇ ದಿನಾನ ಸಪ್ಪ ಮಾರಿ ಮಾಡ್ಕೊಂಡು ಕುಂತ್ಲು:
ಅಕಿ ಊರಾಗ 'ನೀರು' ಅಂತ ಮಾಡೂ ಸನ್ನಿಗೆ
ಇಲ್ಲಿ ಹುಡುಗೂರು ಬಿದ್ದು ಬಿದ್ದು ನಕ್ಕಿದ್ರಂತ.
ಅದರರ್ಥ ಏನಂತ ಮಾಸ್ತರೂ ಹೇಳವಲ್ಲರಂತ.

ನಮ್ಮತ್ತಿ ಗಂಗಮಾಳವ್ವ
ನಲವತ್ತು ವರ್ಷ ಕುಣಿಮಗ್ಗದಾಗ ಕಾಲಿಟ್ಟು ಖಣ ನೇದಾಕಿ,
ಕಿವಿ ಮಗ್ಗಕ್ಕ ಕೊಟ್ಟಾಕಿ.
ನಾವು ಒದರತಿದ್ವಿ, ಅಕಿ ಬೈತಿದ್ಲು,
ಹಿಂಗ ನಡದಿತ್ತು ಸಂಸಾರ.

ಕಾಶವ್ವ ಒದರಲಿಲ್ಲ.
ಅತ್ತಿ ರೊಟ್ಟಿ ಬಡಿಯೂವಾಗ ಎದುರಿಗೆ ಕುಂತು
ಬರೇ ಕೈ ನೋಡಿದ್ಲು.
ಎಂಟೊಪ್ಪತ್ತಿನಾಗ ಇಬ್ಬರ ನಡುವ ಒಂದು ಮಾತು ಹುಟ್ಟಿತು,
ಪೋಲಂಡದ್ದೂ ಅಲ್ಲ, ಸಾಲೀದೂ ಅಲ್ಲ.
ಲಾಳಿ ಒಗದಂಗ ಕೈ ಬೀಸಿದ್ರ 'ಬಾ, ಕುಂದರು'.
ಮೂಗಬಟ್ಟು ಮುಟ್ಟಿದ್ರ ಸೊಸಿ, ಅಂದ್ರ ನಾನು.
ಮುಟ್ಟಿ ಇಬ್ಬರೂ ಯಾಕ ನಗತಿದ್ರೋ,
ಕಿವಿ ಇದ್ದಾಕಿಗೆ ತಿಳೀಲಿಲ್ಲ.

ಹೋಗೂ ಹಿಂದಿನ ರಾತ್ರಿ ಕರೆಂಟ್ ಹೋತು.
ಮೊಬೈಲ್ ಬೆಳಕಿನಾಗ ಅತ್ತಿ
ಭಾಳೊತ್ತು ಕೈಲೆ ಏನೋ ಹೇಳಿದ್ಲು.
ಮಗುವಿನಷ್ಟು ಅಳತಿ ತೋರಿಸಿ
ಆ ಅಳತೀನ ಹಂಗ ಉಡ್ಯಾಗ ಇಟಗೊಂಡ್ಲು.
ಗೋಡಿ ಮ್ಯಾಲೆ ನೆರಳು ದೊಡ್ಡಾಗಿ ಓಡ್ಯಾಡಿದ್ವು.
ಕಾಶವ್ವ ಕಣ್ಣೊರಸಿಕೊಂಡ್ಲು.
ಏನಂದ್ಲು ಅಂತ ಕೇಳಿದ್ರ
"ಅತ್ತಿಗೇ ಕೇಳ್ರಿ" ಅಂದ್ಲು, ಹರಕು ಕನ್ನಡದಾಗ.

ಅಕಿ ಹೋಗಿ ಆರು ತಿಂಗಳಾತು.
ಪತ್ರ ಇಲ್ಲ, ಫೋನ್ ಎರಡ ಸಲ.
ನಿನ್ನೆ, ಕೈಗೆ ಹತ್ತಿದ ಹಿಟ್ಟು ಸೈತ ತೊಳಕೊಳ್ಳದ
ಬಾಗಲದಾಗ ನಿಂತು
ಲಾಳಿ ಒಗದಂಗ ಕೈ ಬೀಸಿದೆ.

ಅತ್ತಿ ಮಗ್ಗ ನಿಲ್ಲಿಸಿದ್ಲು.