ನಲವತ್ತೈದು ನಿಮಿಷ

ಮೂವತ್ತೊಂದು ವರ್ಷ ಕನಜಾವಾಕ್ಕೆ ಬಸ್ಸು ಹೊಡೆದವನು
ನನ್ನ ಗಂಡ ತೊಕುಜಿ.
ಈ ಊರಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದಿದೆ ಅಂದುಕೊಂಡು
ನಾನು ನಕ್ಷೆಯನ್ನೂ ತರಲಿಲ್ಲ.

ರೈಲಿಳಿದದ್ದೇ ಸೋನೆ.
ಬುತ್ತಿ ಮರೆತರೂ ಕೊಡೆ ಮರೆಯಬೇಡ ಎಂದು
ಇಲ್ಲಿಯವರೇ ಹೇಳುವ ಮಾತಂತೆ;
ನಾವು ಬುತ್ತಿ ತಂದಿದ್ದೆವು.
ಸ್ಟೇಷನ್ನಿನಲ್ಲಿ ಕೊಂಡ ಪ್ಲಾಸ್ಟಿಕ್ ಕೊಡೆ ನನ್ನ ಕೈಗೆ ಕೊಟ್ಟು
ಅವನು ನೆನೆಯುತ್ತಲೇ ಮುಂದೆ ನಡೆದ.
ಒಂದು ಏರು, ಒಂದು ತಿರುವು, ಇನ್ನೊಂದು ಏರು,
ಬಂದು ನಿಂತದ್ದು ಎಲ್ಲಿ ಅಂದರೆ
ಬಸ್ಸು ನಿಲ್ಲಿಸುವ ಬಯಲಿನಲ್ಲಿ.

'ನೋಡು' ಅಂದ, ತವರು ತೋರಿಸುವವನ ಹಾಗೆ.
'ಆ ಮೂಲೆ ಏಳನೇ ನಂಬರು, ಮಧ್ಯಾಹ್ನ ಪೂರಾ ನೆರಳು.
ಅದು ಡಬ್ಬಿ ಕಾಫಿಯ ಯಂತ್ರ, ಎರಡು ಸಲ ಗುದ್ದಬೇಕು.
ಆ ಹಿಂಬಾಗಿಲಲ್ಲಿ ಡ್ರೈವರುಗಳಿಗೆ ಮಾತ್ರ
ಅರ್ಧ ದುಡ್ಡಿಗೆ ನೂಡಲ್ಸು. ಅಜ್ಜಿ ಈಗ ಇದ್ದಾಳೋ ಇಲ್ಲವೋ.'

'ಮತ್ತೆ ತೋಟ?' ಎಂದೆ.
'ಗೋಡೆಯ ಆಚೆ.'
'ನೋಡಿಲ್ಲವಾ?'
'ಬಸ್ಸು ಯಾರು ಕಾಯಬೇಕಿತ್ತು?'

ಪ್ರತಿ ಸಲ ತರುತ್ತಿದ್ದ ಚಿತ್ರದ ಕಾರ್ಡುಗಳು
ನಮ್ಮನೆ ಬಿಸ್ಕತ್ತಿನ ಡಬ್ಬಿಯಲ್ಲಿವೆ:
ಹಿಮ ಹೊತ್ತ ಪೈನ್ ಮರ, ಚೆರಿ ಹೂ, ಎರಡು ಕಾಲಿನ ಕಲ್ಲುದೀಪ.
ಉಪ್ಪಿನಕಾಯಿ ಕಾರ್ಖಾನೆಯಿಂದ ಬಂದು
ಕೈಯ ಮೂಲಂಗಿ ವಾಸನೆ ತೊಳೆದು
ಒಂದೊಂದನ್ನೇ ತಿರುವಿ ನೋಡುತ್ತ ನಾನು
ಹೊಟ್ಟೆಕಿಚ್ಚು ಪಟ್ಟದ್ದುಂಟು, ಬಾಯಿಬಿಟ್ಟು ಹೇಳಿರಲಿಲ್ಲ:
ಇವನ ಕಣ್ಣಿಗೆ ಎಷ್ಟೊಂದು ಹಬ್ಬ!
ಆ ಮೂವತ್ತೊಂದು ವರ್ಷದ ಕಿಚ್ಚನ್ನು
ಒದ್ದೆ ಡಾಂಬರಿನ ಮೇಲೆ ನಿಂತು
ಎಲ್ಲಿಡಲಿ ಈಗ?

ಅರವತ್ತೈದು ದಾಟಿದ್ದರಿಂದ ಅವನಿಗೆ ಪುಕ್ಕಟೆ,
ನನಗೆ ಟಿಕೇಟು. ಹೀಗೂ ಒಂದು ನ್ಯಾಯ.

ಒಳಗೆ ನವೆಂಬರು.
ತೋಟದಾಳುಗಳು ಏಣಿ ಹತ್ತಿ
ಮರದ ನೆತ್ತಿಯಿಂದ ಕೊಂಬೆಕೊಂಬೆಗೂ ಹಗ್ಗ ಇಳಿಬಿಡುತ್ತಿದ್ದರು,
ಇನ್ನೂ ಬೀಳದ ಹಿಮಕ್ಕೆ ಮುರಿಯದಿರಲೆಂದು.
ತೊಕುಜಿ ತಲೆಯೆತ್ತಿ ನೋಡಿ
'ಗಂಟು ಸಡಿಲ' ಎಂದ.
ಕೆಳಗೆ ಹಗ್ಗ ಹಿಡಿದಿದ್ದ ಹುಡುಗ
'ಇನ್ನೂ ಬಿಗಿದಿಲ್ಲ ತಾತ' ಎಂದ.
ನಾನು ನಕ್ಕೆ. ಅವನೂ, ಒಂದು ಚೂರು ತಡೆದು.

ಕಲ್ಲುದೀಪ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಕುಳ್ಳು.
ಒಂದು ಕಾಲು ಕೊಳದಲ್ಲಿ, ಇನ್ನೊಂದು ಮೋಟುಗಾಲು ದಡದ ಕಲ್ಲ ಮೇಲೆ.
ಫೋಟೋಕ್ಕೆ ಸಾಲು, ಕೊಡೆಗೆ ತಾಗುವ ಕೊಡೆ.
ನಮ್ಮ ಸರದಿ ಬರುವ ಹೊತ್ತಿಗೆ ಅವನು ಗಡಿಯಾರ ನೋಡಿ
'ನಲವತ್ತಾಯಿತು, ಹೊರಡಬೇಕು' ಎಂದ.
'ಎಲ್ಲಿಗೆ?'
ಗೇಟಿನ ಕಡೆ ತಿರುಗಿದ್ದ ಪಾದ ಹಾಗೇ ನಿಂತಿತು.
ಈ ತೋಟಕ್ಕೆ ಪ್ರವಾಸಿಗಳಿಗೆ ಕೊಡುತ್ತಿದ್ದದ್ದು
ನಲವತ್ತೈದೇ ನಿಮಿಷವಂತೆ.
ಯಾವಾಗಲೂ ಒಬ್ಬ ಮುದುಕಿ ತಡ ಮಾಡುತ್ತಿದ್ದಳಂತೆ,
ಹಾರ್ನು ಹೊಡೆಯುವ ಹಾಗಿರಲಿಲ್ಲವಂತೆ.
'ಇವತ್ತು ಆ ಮುದುಕಿ ನಾನು' ಎಂದೆ,
'ಹೊಡೆ ನೋಡೋಣ.'

ಚಹದಂಗಡಿಯಲ್ಲಿ ಒದ್ದೆ ಕಾಲುಚೀಲ ಬಿಚ್ಚಿ ಕೂತೆವು.
ಎದುರಿಗೆ ಚಿನ್ನದ ರೇಕು ಅಂಟಿಸಿದ ಐಸ್‌ಕ್ರೀಮು ತಿನ್ನುವ ಹುಡುಗಿ,
ಅವಳ ಮೂಗಿನ ತುದಿಗೆ ಒಂದು ಚೂರು ಚಿನ್ನ.
ಹೇಳಲೋ ಬೇಡವೋ ಅನ್ನುವುದರಲ್ಲೇ ಎದ್ದುಹೋದಳು.

ಕಾರ್ಡು ಕೊಂಡೆ, ಅದೇ ದೀಪದ್ದು.
ಹಳೆಯವು ಒಂದರಲ್ಲೂ ಒಂದಕ್ಷರವಿಲ್ಲ;
'ಹಿಂದೆ ಏನಾದರೂ ಬರಿ' ಎಂದು ಪೆನ್ನು ಕೊಟ್ಟೆ.
ಬಹಳ ಹೊತ್ತು ಪೆನ್ನಿನ ಟೊಪ್ಪಿ ಕಚ್ಚಿ
ಡ್ಯೂಟಿ ಪುಸ್ತಕ ತುಂಬುವ ಚೌಕಾಕ್ಷರದಲ್ಲಿ ಬರೆದ:

ಹವೆ: ಸೋನೆ.
ನಿಲುಗಡೆ: ಎರಡು ಗಂಟೆ ಹತ್ತು ನಿಮಿಷ.
ಪ್ರಯಾಣಿಕರು: ಒಬ್ಬರು.

ಓದಿ ಸುಮ್ಮನೆ ವಾಪಸು ಕೊಟ್ಟೆ.
ಅವನೂ ಓದಿದ, ಇನ್ನೊಂದು ಸಲ ಓದಿದ,
'ಒಬ್ಬರು' ಹೊಡೆದುಹಾಕಿ 'ಇಬ್ಬರು' ಎಂದು ತಿದ್ದಿದ.
ತಿದ್ದಿದ ಕಡೆ ಮೊಹರು ಒತ್ತಬೇಕಲ್ಲ, ಕಂಪನಿಯ ನಿಯಮ,
ಜೇಬೆಲ್ಲ ತಡಕಿದ. ಮೊಹರು ಮನೆಯಲ್ಲಿತ್ತು.
ಹೆಬ್ಬೆರಳಿಗೆ ಸಿಹಿಕಡುಬಿನ ಕೆಂಪು ಹೂರಣ ಅಂಟಿತ್ತು;
ಅದನ್ನೇ ಒತ್ತಿದ.